ಕೌದಿ ಹೊಲಿಯುವ ಮೊದಲೇ ಬಣ್ಣ ಬಿಡಿಸಿಬಿಡಿ

ಕೆಂಪು ಬ್ಲೌಸ್ ಪೀಸನ್ನೂ ಬಿಳಿ ಮಲ್ ಬಟ್ಟೆಯನ್ನೂ ಜೋಡಿಸಿ ಕೌದಿ ಹೊಲಿಯಲು ಹೊರಟವರು ಒಂದು ವಿಷಯ ಮೊದಲೇ ಒಪ್ಪಿಕೊಳ್ಳಬೇಕು. ಆ ಕೆಂಪು ಬಣ್ಣ ಬಿಡುತ್ತದೆ. ಬಿಡಲಿ, ಅದರಿಂದ ಏನೂ ಆಗುವುದಿಲ್ಲ. ಬಿಟ್ಟ ಬಣ್ಣ ಪಕ್ಕದ ಬಿಳಿಗೆ ಹೋಗಿ ಕೂತರೆ ಮಾತ್ರ ತಲೆಬಿಸಿ. ತಿಂಗಳುಗಟ್ಟಲೆ ಕೂತು ಕೈಯಲ್ಲಿ ಹೊಲಿದದ್ದು ಮೊದಲ ಒಗೆತಕ್ಕೇ ಅರ್ಧ ಗುಲಾಬಿಯಾಗಿ ಹೊರಗೆ ಬಂದರೆ ಯಾರ ಹತ್ತಿರ ಹೇಳುವುದು ಮಾರಾಯ್ರೆ?

ಹಿಂದಿನವರ ಕೌದಿಗೆ ಈ ರಗಳೆ ಅಷ್ಟಾಗಿ ಇರಲಿಲ್ಲ. ಅವರು ಹೊಲಿಯುತ್ತಿದ್ದದ್ದು ಹಳೆ ಸೀರೆ, ಹಳೆ ಪಂಚೆ, ಹರಿದ ಬೈರಾಸ, ಅಂದರೆ ಟವೆಲ್. ವರ್ಷಗಟ್ಟಲೆ ಒಗೆಯುವ ಕಲ್ಲಿನ ಪೆಟ್ಟು ತಿಂದ ಬಟ್ಟೆಯಲ್ಲಿ ಬಿಡಲಿಕ್ಕೆ ಬಣ್ಣ ಎಲ್ಲಿ ಉಳಿದಿರುತ್ತದೆ? ಈಗ ನಾವು ಹೊಲಿಯುವುದು ಹೊಸ ಬಟ್ಟೆ. ಮದುವೆ, ಸೀಮಂತ, ಗೃಹಪ್ರವೇಶ, ಅರಸಿನ ಕುಂಕುಮ ಅಂತ ಸಿಕ್ಕಿದ ಬ್ಲೌಸ್ ಪೀಸುಗಳ ಒಂದು ರಾಶಿ ನಮ್ಮ ಕಡೆಯ ಎಲ್ಲ ಮನೆಯ ಕಪಾಟಿನಲ್ಲೂ ಉಂಟು, ಅದರಲ್ಲಿ ಮುಕ್ಕಾಲು ಭಾಗ ಕೆಂಪು ಇಲ್ಲವೇ ಹಸಿರು, ಮತ್ತು ಅವುಗಳಷ್ಟು ಬಣ್ಣ ಬಿಡುವ ಬಟ್ಟೆ ಇನ್ನೊಂದಿಲ್ಲ. ಅದರ ಜೊತೆಗೆ ಮಂಗಳೂರು ಹಂಪನಕಟ್ಟೆಯಿಂದಲೋ ಉಡುಪಿ ರಥಬೀದಿಯಿಂದಲೋ ತಂದ ಕಲಂಕಾರಿ, ಅಜ್ರಕ್, ಬಾಟಿಕ್, ಇಕತ್. ಒಂದೊಂದಕ್ಕೆ ಒಂದೊಂದು ಊರಿನಲ್ಲಿ, ಒಂದೊಂದು ರೀತಿಯಲ್ಲಿ ಬಣ್ಣ ಹಾಕಿರುತ್ತಾರೆ. ಎಲ್ಲವನ್ನೂ ಒಂದೇ ಹೊದಿಕೆಯಲ್ಲಿ ಸೇರಿಸುವಾಗ ಸ್ವಲ್ಪ ಜಾಗ್ರತೆ ಬೇಡವಾ?

ನಾನು ಹೇಳುವುದು ಇಷ್ಟೇ. ಬಣ್ಣ ಹಿಡಿಸಲು ಹೋಗಬೇಡಿ. ಬಿಡುವಂಥದ್ದನ್ನು ಕತ್ತರಿ ಹಾಕುವ ಮೊದಲೇ ಪೂರ್ತಿ ಬಿಡಿಸಿ, ನೀರಿನ ಜೊತೆ ಕಳಿಸಿಬಿಡಿ.

ಬಣ್ಣ ಯಾಕೆ ಬಿಡುತ್ತದೆ

ಹತ್ತಿ ಬಟ್ಟೆಗೆ ಈಗ ಜಾಸ್ತಿ ಬಳಸುವುದು ರಿಯಾಕ್ಟಿವ್ ಡೈ. 1956ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ಪ್ರೋಸಿಯನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದ ಬಣ್ಣಗಳಿಂದ ಶುರುವಾದ ಜಾತಿ ಇದು. ಇದು ಹತ್ತಿಯ ನೂಲಿನ ಜೊತೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಬೆಸೆದದ್ದು ಸುಲಭಕ್ಕೆ ಬಿಡುವುದಿಲ್ಲ. ಆದರೆ ತೊಟ್ಟಿಗೆ ಹಾಕಿದ ಬಣ್ಣವೆಲ್ಲ ನೂಲಿಗೇ ಹೋಗುವುದಿಲ್ಲ ನೋಡಿ. ಒಂದು ಪಾಲು ನೀರಿನ ಜೊತೆ ಸೇರಿ ಕೆಟ್ಟುಹೋಗುತ್ತದೆ. ಆ ಕೆಟ್ಟ ಪಾಲಿಗೆ ಬೆಸೆಯುವ ಶಕ್ತಿ ಇಲ್ಲ. ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುವವರ ಹಾಗೆ ನೂಲಿಗೆ ಸುಮ್ನೆ ಅಂಟಿಕೊಂಡಿರುತ್ತದೆ. ಬಣ್ಣ ಹಾಕುವವರು ಇದನ್ನು ಕುದಿಯುವಷ್ಟು ಬಿಸಿಯಾದ ಸೋಪು ನೀರಿನಲ್ಲಿ ಮತ್ತೆ ಮತ್ತೆ ತೊಳೆದು ತೆಗೆಯಬೇಕು. ನೀರೂ ಖರ್ಚೂ ಉಳಿಸಲು ಹೋಗಿ ಅವರು ಅರ್ಧಕ್ಕೆ ನಿಲ್ಲಿಸಿದರೆ ಉಳಿದ ಕೆಲಸ ನಮ್ಮ ಬಾಲ್ದಿಗೆ ಬರುತ್ತದೆ. ಗಾಢ ಕೆಂಪು, ಮರೂನ್, ಕಪ್ಪು, ನೇವಿ ಬ್ಲೂ ಇವುಗಳಿಗೆ ಬಣ್ಣ ಹಾಕಿರುವುದೇ ಜಾಸ್ತಿ, ಹಾಗಾಗಿ ಉಳಿಕೆಯೂ ಜಾಸ್ತಿ. ಟರ್ಕಾಯ್ಸ್ ನೀಲಿಯ ಬಗ್ಗೆಯೂ ಎಚ್ಚರ ಇರಲಿ. ನೋಡಲು ತಿಳಿಯಾಗಿ ಕಂಡರೂ ಅದರ ಉಳಿಕೆ ತೊಳೆದು ಹೋಗಲು ತುಂಬ ನಿಧಾನ ಮಾಡುತ್ತದೆ.

ಕಡಿಮೆ ಬೆಲೆಯ ಬಟ್ಟೆಗೆ ಡೈರೆಕ್ಟ್ ಡೈ ಹಾಕುವುದೂ ಉಂಟು. ಅದು ನೂಲಿಗೆ ಬೆಸೆಯುವುದೇ ಇಲ್ಲ. ಎಷ್ಟು ಒಗೆದರೂ ಪ್ರತಿ ಸಲ ಸ್ವಲ್ಪ ಸ್ವಲ್ಪ ಬಿಡುತ್ತಲೇ ಇರುತ್ತದೆ. ನೀಲಿ, ಅಂದರೆ ಇಂಡಿಗೋ, ಇನ್ನೊಂದು ಥರ. ಅದು ನೀರಿನಲ್ಲಿ ಕರಗುವುದಿಲ್ಲ, ಆದರೆ ನೂಲಿನ ಮೇಲ್ಮೈಯಲ್ಲಿ ಕೂತಿರುವುದರಿಂದ ಉಜ್ಜಿದರೆ ಬರುತ್ತದೆ. ಹೊಸ ಜೀನ್ಸ್ ಹಾಕಿಕೊಂಡು ಬಿಳಿ ಸೋಫಾದಲ್ಲಿ ಕೂತವರಿಗೆ ಇದು ಗೊತ್ತಿರುತ್ತದೆ. ಕೆಲವು ಗಾಢ ಕೆಂಪುಗಳಿಗೆ ಹಾಕುವ ನ್ಯಾಫ್ತಾಲ್ ಬಣ್ಣವೂ ಹೀಗೆಯೇ ಉಜ್ಜಿದರೆ ಬರುವ ಜಾತಿ.

ಹಾಗಾಗಿ ನಮ್ಮ ಮುಂದಿರುವ ಬಟ್ಟೆ ಮೂರರಲ್ಲಿ ಒಂದು. ಬಿಸಿ ನೀರಿನಲ್ಲಿ ಕೆಲವು ಸಲ ಬಿಟ್ಟು ಆಮೇಲೆ ಸುಮ್ಮನಾಗುವಂಥದ್ದು, ಯಾವತ್ತೂ ಬಿಡುತ್ತಲೇ ಇರುವಂಥದ್ದು, ನೀರಿಗೆ ಬಿಡದೆ ಉಜ್ಜಿದರೆ ಮಾತ್ರ ಬರುವಂಥದ್ದು. ಯಾವುದು ಎಂದು ಅಂಗಡಿಯವರಿಗೂ ಗೊತ್ತಿರುವುದಿಲ್ಲ. ‘ಗ್ಯಾರಂಟಿ ಕಲರ್ ಅಕ್ಕಾ’ ಎಂದು ಹೇಳುತ್ತಾರೆ, ಅಷ್ಟೇ.

ಉಪ್ಪು, ವಿನೆಗರ್, ಪಟಿಕ

ಹೊಸ ಬಟ್ಟೆಯನ್ನು ಕಲ್ಲುಪ್ಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿಡಿ ಎನ್ನುವ ಸಲಹೆ ಕೇಳದವರು ಯಾರೂ ಇಲ್ಲ. ಅಮ್ಮ ಹೇಳಿರುತ್ತಾರೆ, ಅತ್ತೆ ಹೇಳಿರುತ್ತಾರೆ, ಟೈಲರ್ ಕೂಡ ಹೇಳಿರುತ್ತಾರೆ. ಬಣ್ಣ ಹಾಕುವವರು ತೊಟ್ಟಿಗೆ ಉಪ್ಪು ಹಾಕುವುದು ನಿಜ. ನೀರಿನಲ್ಲಿರುವ ಬಣ್ಣವನ್ನು ನೂಲಿನ ಕಡೆ ದೂಡಲು ಅದು ಬೇಕು. ಆದರೆ ಬೆಸೆಯುವ ಕೆಲಸ ಆಗುವುದು ಆಮೇಲೆ ಹಾಕುವ ಸೋಡಾದಿಂದ. ಅಂಗಡಿಯಿಂದ ಮನೆಗೆ ಬಂದ ಬಟ್ಟೆಯಲ್ಲಿ ಸಡಿಲವಾಗಿ ಉಳಿದಿರುವುದು ಆಗಲೇ ಕೆಟ್ಟ ಬಣ್ಣ, ಅದಕ್ಕೆ ಎಷ್ಟು ಉಪ್ಪು ಹಾಕಿದರೂ ಬೆಸೆಯುವುದಿಲ್ಲ.

ಹಾಗಾದರೆ ಉಪ್ಪು ನೀರಿನಲ್ಲಿ ಬಣ್ಣ ಕಡಿಮೆ ಬಿಟ್ಟದ್ದು ಕಣ್ಣಾರೆ ನೋಡಿದ್ದೇವಲ್ಲ ಎಂದು ಕೇಳಬಹುದು. ಸರಿಯೇ. ಉಪ್ಪು ಆ ಹೊತ್ತಿಗೆ ಬಣ್ಣವನ್ನು ಬಟ್ಟೆಯಲ್ಲೇ ತಡೆದು ಇಟ್ಟಿರುತ್ತದೆ. ಮುಂದಿನ ಸಲ ಸಿಹಿ ನೀರು ತಾಗಿದ ಕೂಡಲೇ ಅದು ಹೊರಗೆ ಬರುತ್ತದೆ. ಇನ್ನೂ ಒಂದು ಉಪದ್ರ ಉಂಟು. ಅದೇ ಬಾಲ್ದಿಯಲ್ಲಿ ಬಿಳಿ ಬಟ್ಟೆ ಇದ್ದರೆ ಉಪ್ಪು ಬಣ್ಣವನ್ನು ಆ ಬಿಳಿಯ ಕಡೆಗೂ ದೂಡುತ್ತದೆ, ಅದಕ್ಕೆ ಕೆಂಪು ಬಟ್ಟೆ ಬಿಳಿ ಬಟ್ಟೆ ಎಂಬ ಭೇದ ಇಲ್ಲ. ಇದೇ ಕಾರಣಕ್ಕೆ ಉಳ್ಳಾಲ, ಮಲ್ಪೆ ಕಡೆ ಕಡಲಿಗೆ ಹತ್ತಿರದ ಮನೆಯವರು, ಏಪ್ರಿಲ್ ಮೇ ತಿಂಗಳಲ್ಲಿ ಬಾವಿ ನೀರು ಉಪ್ಪಾಗುವುದಿದ್ದರೆ, ಬಣ್ಣ ಬಿಡುವ ಬಟ್ಟೆಯನ್ನು ಆ ನೀರಿನಲ್ಲಿ ಒಗೆಯದಿರುವುದು ಒಳ್ಳೆಯದು.

ವಿನೆಗರ್‌ಗೆ ಅರ್ಥ ಇರುವುದು ರೇಷ್ಮೆಗೂ ಉಣ್ಣೆಗೂ. ಅವುಗಳಿಗೆ ಹಾಕುವುದು ಆ್ಯಸಿಡ್ ಡೈ, ಹುಳಿ ನೀರಿನಲ್ಲಿ ಅದು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಹತ್ತಿಯ ಮೇಲೆ ಅದರಿಂದ ಉಪಯೋಗ ಇಲ್ಲ. ಪಟಿಕ ಬೇಕಾಗುವುದು ಗಿಡಮೂಲದ ಬಣ್ಣ ಹಾಕುವವರಿಗೆ, ಬಣ್ಣ ಹಾಕುವ ಹೊತ್ತಿನಲ್ಲಿ. ಮುಗಿದ ಬಟ್ಟೆಗೆ ಪಟಿಕದ ನೀರು ಹೊಯ್ದರೆ ಪಟಿಕ ಖರ್ಚಾಗುತ್ತದೆ.

ಮೊದಲು ಪರೀಕ್ಷೆ

ಎಲ್ಲ ಬಟ್ಟೆಯನ್ನೂ ಒಂದೇ ಥರ ಒಗೆದು ಸುಸ್ತಾಗುವ ಅಗತ್ಯ ಇಲ್ಲ. ಮೊದಲು ಯಾವುದು ಕಳ್ಳ ಎಂದು ಹಿಡಿಯಿರಿ.

ಪ್ರತಿ ಬಟ್ಟೆಯ ಮೂಲೆಯಿಂದ ಎರಡು ಬೆರಳು ಅಗಲದ ತುಂಡು ಕತ್ತರಿಸಿ. ಒಂದೊಂದಕ್ಕೂ ಬೇರೆ ಬೇರೆ ಗಾಜಿನ ಲೋಟ ಅಥವಾ ಬಿಳಿ ಬಟ್ಟಲು. ಸ್ಟೀಲ್ ಲೋಟದಲ್ಲಿ ಮಾಡಿದರೆ ತೆಳು ಬಣ್ಣ ಕಾಣುವುದಿಲ್ಲ. ಕೈ ಇಡಲಾಗದಷ್ಟು ಬಿಸಿ ನೀರು ಹಾಕಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬಿಡಿ, ಬಟ್ಟೆ ತುಂಡನ್ನೂ ಅದರ ಜೊತೆಗೆ ನಿಮ್ಮ ಕೌದಿಯಲ್ಲಿ ಬಳಸಲಿರುವ ಬಿಳಿ ಬಟ್ಟೆಯ ಒಂದು ಚೂರನ್ನೂ ಮುಳುಗಿಸಿ ಅರ್ಧ ಗಂಟೆ ಬಿಡಿ. ಆಮೇಲೆ ನೀರು ನೋಡಿ. ತಿಳಿಯಾಗಿದ್ದರೆ ಆ ಬಟ್ಟೆಯ ಚಿಂತೆ ಬಹುತೇಕ ಮುಗಿಯಿತು.

ನೀರಿಗೆ ಬಣ್ಣ ಬಂದಿದೆ ಎಂದ ಕೂಡಲೇ ಆ ಬಟ್ಟೆಯನ್ನು ಎಸೆಯಬೇಡಿ. ಬಿಳಿ ಚೂರನ್ನು ಹೊರಗೆ ತೆಗೆದು ಒಮ್ಮೆ ಜಾಲಿಸಿ ನೋಡಿ. ನೀರು ಕೆಂಪಾಗಿಯೂ ಬಿಳಿ ಚೂರು ಬಿಳಿಯಾಗಿಯೇ ಉಳಿದಿದ್ದರೆ ಅದು ಪಳಗಿಸಬಹುದಾದ ಬಟ್ಟೆ. ಬಿಳಿಯೂ ಕೆಂಪಾಗಿದ್ದರೆ ಜಾಸ್ತಿ ಕೆಲಸ ಉಂಟು.

ಇನ್ನೊಂದು ಪರೀಕ್ಷೆಯನ್ನು ಜನ ಬಿಟ್ಟೇ ಬಿಡುತ್ತಾರೆ, ನಮ್ಮ ಕರಾವಳಿಗೆ ಅದೇ ಮುಖ್ಯ. ಒದ್ದೆ ತುಂಡನ್ನು ಬಿಳಿ ಬೈರಾಸದ ಮೇಲಿಟ್ಟು, ಮೇಲೊಂದು ಭಾರದ ಡಬ್ಬ ಇಟ್ಟು, ಒಣಗುವ ತನಕ ಹಾಗೇ ಬಿಡಿ. ಬಟ್ಟೆಗೆ ಬಣ್ಣ ಅಂಟುವುದು ಹೆಚ್ಚಾಗಿ ಒಗೆಯುವಾಗ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಒದ್ದೆ ಬಟ್ಟೆ ಮಡಿಚಿ ಬಿದ್ದುಕೊಂಡಿದ್ದು ನಿಧಾನಕ್ಕೆ ಒಣಗುವಾಗಲೂ ಅಷ್ಟೇ ಅಂಟುತ್ತದೆ. ಜುಲೈಯಲ್ಲಿ ಒಂದು ದಪ್ಪ ಹೊದಿಕೆ ಒಣಗಲು ಎಷ್ಟು ಹೊತ್ತು ಬೇಕು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಉಜ್ಜುವ ಪರೀಕ್ಷೆ ಸುಲಭ. ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ, ಒಮ್ಮೆ ಒಣಗಿದ್ದನ್ನು, ಒಮ್ಮೆ ಒದ್ದೆ ಮಾಡಿದ್ದನ್ನು ಹತ್ತು ಸಲ ಉಜ್ಜಿ. ನೀರಿಗೆ ಬಿಡದೆ ಬೆರಳಿಗೆ ಮಾತ್ರ ಬಂದರೆ ಅದು ಇಂಡಿಗೋ ಜಾತಿ.

ಒಗೆಯುವುದು ಹೇಗೆ

ಬಟ್ಟೆಯ ಅಂಚು ಮೊದಲು ಭದ್ರ ಮಾಡಿ. ಓವರ್‌ಲಾಕ್ ಇದ್ದರೆ ಓವರ್‌ಲಾಕ್, ಇಲ್ಲದಿದ್ದರೆ ಮೆಷಿನ್ನಿನಲ್ಲಿ ಜಿಗ್‌ಜ್ಯಾಗ್. ಅದೂ ಇಲ್ಲದಿದ್ದರೆ ನಾಲ್ಕು ಮೂಲೆಯನ್ನು ಚೂರು ಓರೆಯಾಗಿ ಕತ್ತರಿಸಿ, ದಾರ ಬಿಚ್ಚಿಕೊಳ್ಳುವುದು ಎಷ್ಟೋ ಕಡಿಮೆಯಾಗುತ್ತದೆ. ಪೂರ್ತಿ ಬಟ್ಟೆಯನ್ನೇ ಒಗೆಯಿರಿ, ಚೌಕ ಚೌಕ ಕತ್ತರಿಸಿಟ್ಟ ಮೇಲೆ ಒಗೆದರೆ ಆಕಾರವೂ ಹೋಗುತ್ತದೆ, ಅಳತೆಯೂ ಹೋಗುತ್ತದೆ.

ಮೊದಲ ಸಲ ತಣ್ಣೀರು. ಸೋಪು ಬೇಡ. ಗಂಜಿ, ಧೂಳು, ಬಣ್ಣ ಹಾಕುವಾಗಿನ ಉಪ್ಪು ಸೋಡಾ ಉಳಿದಿದ್ದರೆ ಎಲ್ಲ ಇದರಲ್ಲೇ ಹೋಗಲಿ. ಉಪ್ಪು ಹೋಗದೆ ನೂಲು ತನ್ನ ಬಣ್ಣವನ್ನು ಬಿಟ್ಟುಕೊಡುವುದಿಲ್ಲ, ಹಾಗಾಗಿ ಇದನ್ನು ಹಾರಿಸಬೇಡಿ. ಎರಡು ನೀರು ಬದಲಾಯಿಸಿ.

ಆಮೇಲೆ ಬಿಸಿ ನೀರು. 60 ಡಿಗ್ರಿ ಸಾಕು. ಥರ್ಮಾಮೀಟರ್ ಬೇಕಾಗಿಲ್ಲ, ಕುದಿಯುವ ನೀರಿಗೆ ಅಷ್ಟೇ ನಲ್ಲಿ ನೀರು ಸೇರಿಸಿದರೆ ನಮ್ಮ ಊರಿನ ಸೆಕೆಗೆ ಸುಮಾರು ಅಷ್ಟಕ್ಕೆ ಬಂದು ನಿಲ್ಲುತ್ತದೆ. ಬಚ್ಚಲ ಹಂಡೆಯಲ್ಲಿ ನೀರು ಕಾಯಿಸುವವರಿಗೆ ಇದು ಖರ್ಚಿಲ್ಲದ ಕೆಲಸ. ಒಂದು ಮೀಟರ್ ಬಟ್ಟೆಗೆ ಒಂದು ದೊಡ್ಡ ಬಾಲ್ದಿ ತುಂಬ ನೀರು ಇರಲಿ. ಇದರಲ್ಲಿ ಕಂಜೂಸು ಮಾಡಬೇಡಿ. ನೀರು ಜಾಸ್ತಿ ಇದ್ದಷ್ಟು ಬಣ್ಣ ತೆಳುವಾಗುತ್ತದೆ, ಬಟ್ಟೆಗೆ ತಿರುಗಿ ಹತ್ತುವುದು ಕಡಿಮೆಯಾಗುತ್ತದೆ. ಈಜಿ ಅಥವಾ ಜೆಂಟೀಲ್‌ನಂಥ ಲಿಕ್ವಿಡ್ ಒಂದು ಮುಚ್ಚಳ ಹಾಕಿ. ಸೋಪಿನ ಕೆಲಸ ಇಲ್ಲಿ ಕೊಳೆ ತೆಗೆಯುವುದಕ್ಕಿಂತ ಬಿಟ್ಟ ಬಣ್ಣವನ್ನು ನೀರಿನಲ್ಲೇ ತೇಲಿಸಿಟ್ಟುಕೊಳ್ಳುವುದು. ಬ್ಲೀಚ್ ಇರುವ ಪುಡಿ ಬೇಡ. ಬಾರ್ ಸೋಪು ಹಚ್ಚಿ ಬ್ರಶ್ಶಿನಲ್ಲಿ ತಿಕ್ಕುವುದು ಖಂಡಿತ ಬೇಡ, ತಿಕ್ಕಿದ ಜಾಗ ಮಾತ್ರ ಪೇಲವವಾಗಿ ಪಟ್ಟೆ ಬೀಳುತ್ತದೆ. ಮರದ ಕೋಲಿನಿಂದ ಆಗಾಗ ತಿರುಗಿಸುತ್ತ ಒಂದು ಅರ್ಧ ಗಂಟೆ ಬಿಡಿ. ನೀರು ಚೆಲ್ಲಿ. ಮತ್ತೆ ಬಿಸಿ ನೀರು. ನೀರು ತಿಳಿಯಾಗುವ ತನಕ ಇದೇ ಕೆಲಸ.

ಎಷ್ಟು ಸಲ ಎಂದು ಕೇಳಿದರೆ ಬಟ್ಟೆಯೇ ಹೇಳಬೇಕು. ರೂಬಿಯಾ ಬ್ಲೌಸ್ ಪೀಸಿನ ಕೆಂಪು ಒಮ್ಮೊಮ್ಮೆ ಎರಡೇ ನೀರಿಗೆ ತಣ್ಣಗಾಗುತ್ತದೆ, ಒಮ್ಮೊಮ್ಮೆ ಎಂಟು ಸಲ ಆದರೂ ಹಠ ಬಿಡುವುದಿಲ್ಲ. ಪ್ರತಿ ಸಲ ನೀರಿನ ಬಣ್ಣ ಕಡಿಮೆಯಾಗುತ್ತಾ ಬಂದರೆ ಮುಂದುವರಿಸಿ. ನಾಲ್ಕೈದು ಸಲ ಆದ ಮೇಲೂ ಮೊದಲಿನಷ್ಟೇ ಗಾಢವಾಗಿ ಬರುತ್ತಿದ್ದರೆ ಅದು ಡೈರೆಕ್ಟ್ ಡೈ ಇರಬೇಕು. ಅಂಥದ್ದನ್ನು ಬಿಳಿಯ ಪಕ್ಕದಲ್ಲಿ ಇಡುವ ಆಸೆ ಬಿಡಿ. ಚೀಲ ಹೊಲಿಯಿರಿ, ಬಾಗಿಲ ತೋರಣ ಹೊಲಿಯಿರಿ, ಅಥವಾ ಕೆಂಪು ಮರೂನು ಕಪ್ಪು ಸೇರಿದ, ತಿಳಿ ಬಣ್ಣವೇ ಇಲ್ಲದ ಕೌದಿಗೆ ಎತ್ತಿಡಿ.

ಅದನ್ನು ಬಿಡಲು ಮನಸ್ಸೇ ಇಲ್ಲ ಎನ್ನುವವರಿಗೆ ಡೈ ಫಿಕ್ಸರ್ ಉಂಟು. ಬಟ್ಟೆ ಬಣ್ಣ ಮಾರುವ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ಸಡಿಲ ಬಣ್ಣವನ್ನು ಹಿಡಿದು ನೂಲಿಗೆ ಕಟ್ಟಿಹಾಕುವ ರಾಸಾಯನಿಕ ಅದು. ಬಿಸಿ ನೀರಿನಲ್ಲಿ, ಡಬ್ಬದ ಮೇಲೆ ಬರೆದ ಅಳತೆಯಲ್ಲಿ, ಒಂಟಿ ಬಟ್ಟೆಗೆ ಮಾತ್ರ ಹಾಕಬೇಕು. ಹೊಲಿದು ಮುಗಿದ ಕೌದಿಗೆ ಹಾಕಿದರೆ ಬಿಳಿಗೆ ಹತ್ತಿದ ಕೆಂಪನ್ನೂ ಅದು ಅಲ್ಲಿಯೇ ಖಾಯಂ ಮಾಡುತ್ತದೆ. ಫಿಕ್ಸರ್ ಹಾಕಿದ ಬಟ್ಟೆಯನ್ನು ಆಮೇಲೆ ಯಾವತ್ತೂ ತಣ್ಣೀರಿನಲ್ಲೇ ಒಗೆಯಬೇಕು, ಬಿಸಿ ನೀರಿಗೆ ಆ ಕಟ್ಟು ಸಡಿಲವಾಗುತ್ತದೆ. ನನ್ನನ್ನು ಕೇಳಿದರೆ ಇದು ಕೊನೆಯ ಉಪಾಯ.

ವಾಷಿಂಗ್ ಮೆಷಿನ್ ಬಗ್ಗೆ ಎರಡು ಮಾತು. ಫ್ರಂಟ್ ಲೋಡ್‌ನಲ್ಲಿ 60 ಡಿಗ್ರಿ ಇಡಬಹುದು, ಅದು ಅನುಕೂಲ, ಆದರೆ ಅದು ನೀರು ತೀರ ಕಡಿಮೆ ತೆಗೆದುಕೊಳ್ಳುತ್ತದೆ. ಎಕ್ಸ್‌ಟ್ರಾ ರಿನ್ಸ್ ಒತ್ತಿ, ಡ್ರಮ್ಮಿನ ಕಾಲು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಟಾಪ್ ಲೋಡ್‌ನಲ್ಲಿ ನೀರು ಧಾರಾಳ, ಹೆಚ್ಚಿನವುಗಳಲ್ಲಿ ಬಿಸಿ ಇಲ್ಲ. ಬಣ್ಣ ಬಿಡಿಸುವ ಕೆಲಸ ಬಾಲ್ದಿಯಲ್ಲಿ ಮುಗಿಸಿ, ಮಾಮೂಲಿ ಒಗೆತಕ್ಕೆ ಮೆಷಿನ್ ಇಡಿ.

ನೀರಿನ ವಿಷಯದಲ್ಲಿ ನಾವು ಪುಣ್ಯವಂತರು. ಮಂಗಳೂರಿಗೆ ತುಂಬೆಯಿಂದ ಬರುವ ನೇತ್ರಾವತಿ ನೀರು, ಉಡುಪಿಗೆ ಬಜೆಯಿಂದ ಬರುವ ಸ್ವರ್ಣಾ ನೀರು, ಎರಡೂ ಮೆದು ನೀರು. ಗಡಸು ನೀರಿನ ಊರಿನಲ್ಲಿ ಬಣ್ಣದ ಉಳಿಕೆ ತೊಳೆದು ಹೋಗುವುದೇ ಕಷ್ಟ. ಆದರೆ ಬೇಸಗೆಯ ಕೊನೆಗೆ ಎರಡು ದಿನಕ್ಕೊಮ್ಮೆ ನಲ್ಲಿ ಬರುವ ಹೊತ್ತಿನಲ್ಲಿ ಬಾಲ್ದಿಗಟ್ಟಲೆ ಕೆಂಪು ನೀರು ಚೆಲ್ಲುತ್ತ ಕೂತರೆ ಮನೆಯವರ ಬೈಗುಳ ಖಚಿತ. ನವೆಂಬರಿನಿಂದ ಜನವರಿ ಒಳಗೆ, ಬಾವಿಯಲ್ಲಿ ನೀರೂ ಅಂಗಳದಲ್ಲಿ ಬಿಸಿಲೂ ಇರುವಾಗ, ವರ್ಷದ ಬಟ್ಟೆಯನ್ನೆಲ್ಲ ಒಟ್ಟಿಗೆ ಒಗೆದಿಟ್ಟುಬಿಡಿ. ಮಳೆಗಾಲದಲ್ಲಿ ಕೂತು ಹೊಲಿಯಬಹುದು.

ಕೆಂಪುಕಲ್ಲಿನ ನೆಲದ ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಇರುವುದುಂಟು. ಅದು ಬಿಳಿ ಬಟ್ಟೆಯ ಮೇಲೆ ಕಂದು ಹಳದಿ ಕಲೆ ಮಾಡುತ್ತದೆ, ನಾವು ಪಾಪ ಕೆಂಪು ಬಟ್ಟೆಯನ್ನು ಬೈಯುತ್ತೇವೆ. ಸಂಶಯ ಇದ್ದರೆ ಬರೀ ಬಿಳಿ ಬಟ್ಟೆಯನ್ನು ಒಂದೆರಡು ಸಲ ಅದೇ ನೀರಿನಲ್ಲಿ ಒಗೆದು ನೋಡಿ. ಅಡಿಕೆ ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿದ ನೀರಿನಲ್ಲಿ, ಬಣ್ಣ ಹಾಕಿದ ಕೈಮಗ್ಗದ ಬಟ್ಟೆ ಇದ್ದವರಂತೂ ಈ ನೀರಿನಿಂದ ದೂರ ಇರಬೇಕು. ಚೊಗರಿನ ಒಗರೂ ಕಬ್ಬಿಣವೂ ಸೇರಿದರೆ ಬಟ್ಟೆ ಕಪ್ಪಡರುತ್ತದೆ. ಕಬ್ಬಿಣದ ಬಾಣಲೆಯಲ್ಲಿ ನೆನೆಸುವುದೂ ಬೇಡ. ಗಿಡಮೂಲದ ಬಣ್ಣಕ್ಕೆ ಬಿಸಿ ನೀರೂ ಆಗುವುದಿಲ್ಲ, ತಣ್ಣೀರು, ಮೆದು ಸೋಪು, ನೆರಳು ಅಷ್ಟೇ. ಕೌದಿಯಲ್ಲಿ ಇವುಗಳನ್ನು ಪರೀಕ್ಷೆ ಗೆದ್ದ ಬಟ್ಟೆಗಳ ಜೊತೆ ಮಾತ್ರ ಸೇರಿಸಿ.

ಒಣಗಿಸುವುದು

ಒಗೆದ ಬಟ್ಟೆಯನ್ನು ಬಾಲ್ದಿಯಲ್ಲಿ ಮುದ್ದೆ ಮಾಡಿಟ್ಟು, ಒಂದು ಚಾ ಕುಡಿದು ಬರುತ್ತೇನೆ ಎಂದು ಹೋಗಬೇಡಿ. ಹಿಂಡಿದ ಕೂಡಲೇ ಹರವಿ. ಗಾಢ ಬಟ್ಟೆಯ ಮೇಲೆ ತಿಳಿ ಬಟ್ಟೆ ಬೀಳದಂತೆ, ಒಂದೇ ಪದರವಾಗಿ. ಮಳೆಗಾಲದಲ್ಲಿ ಟೆರೇಸಿನ ಶೀಟಿನಡಿ ಗಾಳಿ ಆಡುವ ಜಾಗದಲ್ಲಿ ಹಾಕಿ, ಅಲ್ಲಿಯೂ ಒಣಗದಿದ್ದರೆ ಫ್ಯಾನಿನಡಿ. ಬಿಸಿಲಿದ್ದರೆ ಬಟ್ಟೆಯ ಒಳಮೈ ಹೊರಗೆ ಬರುವ ಹಾಗೆ ಹಾಕಿ. ಅರ್ಧ ಒಣಗಿದ್ದನ್ನು ಮಡಿಚಿ ಕಪಾಟಿಗೆ ಇಟ್ಟರೆ ಎರಡು ನಷ್ಟ, ಬಣ್ಣವೂ ಅಂಟುತ್ತದೆ, ಕರಿ ಚುಕ್ಕಿ ಬೂಸ್ಟೂ ಹಿಡಿಯುತ್ತದೆ. ಬೂಸ್ಟಿನ ಚುಕ್ಕಿ ಬಣ್ಣಕ್ಕಿಂತ ಕಷ್ಟ.

ಇಸ್ತ್ರಿ ಹಾಕುವಾಗಲೂ ಹುಷಾರು. ಕೆಂಪು ಬಿಳಿ ಜೋಡಿಸಿದ ಹೊಲಿಗೆಯ ಮೇಲೆ ನೀರು ಚಿಮುಕಿಸಿ ಸ್ಟೀಮ್ ಒತ್ತಿದರೆ, ಉಳಿಕೆ ಬಣ್ಣ ಇದ್ದಲ್ಲಿ ಅಲ್ಲಿಯೇ ದಾಟಿಹೋಗುತ್ತದೆ. ಒಗೆಯದ ಬಟ್ಟೆಯಾದರೆ ಒಣ ಇಸ್ತ್ರಿಯೇ ಸರಿ.

ಹೊಲಿದು ಮುಗಿದ ಮೇಲಿನ ಮೊದಲ ಒಗೆತ

ಮೇಲಿನದೆಲ್ಲ ಮಾಡಿದ್ದರೆ ಇಲ್ಲಿ ಹೆದರಲು ಜಾಸ್ತಿ ಇಲ್ಲ. ಬಟ್ಟೆಗೆ ಗುರುತು ಹಾಕಲು ನೀರಿಗೆ ಹೋಗುವ ನೀಲಿ ಪೆನ್ನು ಬಳಸಿದ್ದರೆ ಮೊದಲು ತಣ್ಣೀರಿನಲ್ಲಿ ಆ ಗೆರೆ ತೆಗೆಯಿರಿ, ಬಿಸಿ ತಾಗಿದರೆ ಗೆರೆ ಅಲ್ಲಿಯೇ ಉಳಿಯಬಹುದು. ಆಮೇಲೆ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು, ಧಾರಾಳ ನೀರು, ಲಿಕ್ವಿಡ್ ಸೋಪು. ನೆನೆಸಿಟ್ಟು ಪೇಟೆಗೆ ಹೋಗಬೇಡಿ. ಕಲರ್ ಕ್ಯಾಚರ್ ಶೀಟು ಎರಡು ಮೂರು ಹಾಕಿ. ನೀರಿನಲ್ಲಿ ತೇಲುವ ಬಣ್ಣವನ್ನು ಅದು ತನ್ನ ಮೈಗೆ ಎಳೆದುಕೊಳ್ಳುತ್ತದೆ. ಆದರೆ ಕೆಂಪಿಗೂ ಬಿಳಿಗೂ ಒಂದೇ ಹೊಲಿಗೆಯ ಅಂತರ, ಶೀಟು ಎಲ್ಲೋ ದೂರದಲ್ಲಿ ತೇಲುತ್ತಿರುತ್ತದೆ, ಹಾಗಾಗಿ ಅದನ್ನೇ ನಂಬಿ ಮೊದಲಿನ ಕೆಲಸ ತಪ್ಪಿಸಬೇಡಿ. ಶೀಟಿಗೆ ಬಣ್ಣ ಬಂದಿದ್ದರೆ ಮುಂದಿನ ಸಲವೂ ಹಾಕಿ.

ಮಗುವಿಗೆ ಎಂದು ಹೊಲಿಯುವ ಕೌದಿಗೆ ಪರೀಕ್ಷೆ ಎರಡು ಪಟ್ಟು ಕಟ್ಟುನಿಟ್ಟಾಗಿರಲಿ. ಜೊಲ್ಲು, ಉಚ್ಚೆ, ಬೆವರು ಎಲ್ಲವೂ ಬಣ್ಣ ಬಿಡಿಸುತ್ತವೆ, ಮತ್ತು ಅದು ಹೋಗುವುದು ಮಗುವಿನ ಬಾಯಿಗೆ. ಅಲ್ಲಿಗೆ ಹಳೆ ಮೆತ್ತನೆಯ ಸೀರೆಯೇ ಒಳ್ಳೆಯದು. ಹಳೆ ಸೀರೆಗೆ ಹೊಸದಾಗಿ ಹಚ್ಚಿದ ಫಾಲ್ ಇದ್ದರೆ ಬಿಚ್ಚಿ ತೆಗೆಯಿರಿ, ಸೀರೆ ಬಿಡದಿದ್ದರೂ ಫಾಲ್ ಬಿಡುತ್ತದೆ.

ಬಣ್ಣ ಹತ್ತಿಯೇ ಬಿಟ್ಟಿದ್ದರೆ

ಗಾಬರಿ ಬೇಡ, ಆದರೆ ಒಣಗಿಸಬೇಡಿ. ಒದ್ದೆ ಇರುವಾಗಲೇ ಹಿಡಿಯಬೇಕು. ಒಣಗಿದ್ದರೂ ತೆಗೆಯಲು ಬರುತ್ತದೆ, ಹೆಚ್ಚು ಹೊತ್ತು ಬೇಕು ಅಷ್ಟೇ.

ಮನೆಯ ಅತಿ ದೊಡ್ಡ ಟಬ್ ಅಥವಾ ನೀರು ತುಂಬುವ ಡ್ರಮ್ ತನ್ನಿ. ಕೌದಿ ಹಾಯಾಗಿ ಮುಳುಗಿ ಇನ್ನೂ ಜಾಗ ಉಳಿಯಬೇಕು. ಆದಷ್ಟು ಬಿಸಿ ನೀರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಕಾಲು ಲೋಟ. ಕೌದಿ ಪೂರ್ತಿ ಮುಳುಗಿಸಿ, ಮೇಲೆ ಒಂದು ಸ್ಟೀಲ್ ಬಟ್ಟಲು ಭಾರಕ್ಕೆ ಇಡಿ. ಒಂದು ಮೂಲೆಯೂ ನೀರಿನಿಂದ ಮೇಲೆ ತಲೆ ಎತ್ತಬಾರದು. ಎತ್ತಿದರೆ ಬಟ್ಟೆ ನೀರನ್ನು ಹೀರಿ ಮೇಲಕ್ಕೆ ಎಳೆಯುತ್ತದೆ, ನೀರು ಆರಿ ಬಣ್ಣದ ಗೆರೆ ಮಾತ್ರ ಅಲ್ಲಿ ಉಳಿಯುತ್ತದೆ. ರಾತ್ರಿ ಇಟ್ಟು ಬೆಳಿಗ್ಗೆ ನೋಡಿ, ಹತ್ತು ಹನ್ನೆರಡು ಗಂಟೆ ಆಗಲಿ. ನೀರು ತಣ್ಣಗಾದರೆ ಪರವಾಗಿಲ್ಲ. ಬೆಳಿಗ್ಗೆ ಒಂದು ಲೋಟದಲ್ಲಿ ಆ ನೀರು ತೆಗೆದು ಬೆಳಕಿಗೆ ಹಿಡಿಯಿರಿ. ಬಣ್ಣ ಇದ್ದರೆ ಚೆಲ್ಲಿ, ಹೊಸ ಬಿಸಿ ನೀರು ಹಾಕಿ ಮತ್ತೆ ಅಷ್ಟೇ ಹೊತ್ತು. ಲೋಟದ ನೀರು ತಿಳಿಯಾಗುವ ತನಕ ಸೋಲಬೇಡಿ. ಒಳಗೆ ಹತ್ತಿ ತುಂಬಿದ್ದರೆ ಬಿಸಿ ನೀರಿಗೆ ಸ್ವಲ್ಪ ಮುದುಡುತ್ತದೆ, ಕೌದಿ ಸುಕ್ಕು ಸುಕ್ಕಾಗಿ ಕಾಣುತ್ತದೆ. ನನಗೆ ಅದು ಚಂದವೇ ಕಾಣುತ್ತದೆ. ರೇಷ್ಮೆ ಸೇರಿದ ಕೌದಿಗೆ ಮಾತ್ರ ಈ ಬಿಸಿ ಉಪಾಯ ಮಾಡಬೇಡಿ.

ಎತ್ತುವಾಗ ಇಬ್ಬರು ಬೇಕು. ನೀರು ಕುಡಿದ ಕೌದಿಯನ್ನು ಒಂದು ತುದಿ ಹಿಡಿದು ಎಳೆದರೆ ಹೊಲಿಗೆ ಬಿಡುತ್ತದೆ. ಬೆಡ್‌ಶೀಟ್ ಅಡಿಗೆ ಹಾಕಿ ಎತ್ತಿ, ಮೆಷಿನ್ನಿನಲ್ಲಿ ಬರೀ ಸ್ಪಿನ್ ಕೊಟ್ಟು, ಎರಡು ಹಗ್ಗದ ಮೇಲೆ ಹರವಿ.

ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ಅನ್ನು ಕಲೆಯ ಮೇಲೆ ತಟ್ಟಲು ಹೋಗಬೇಡಿ. ಅದು ಕಲೆಯನ್ನೂ ತಿನ್ನುತ್ತದೆ, ಪಕ್ಕದ ಒಳ್ಳೆ ಕೆಂಪನ್ನೂ ತಿನ್ನುತ್ತದೆ, ನೂಲನ್ನೂ ತಿನ್ನುತ್ತದೆ. ಇಷ್ಟಾದ ಮೇಲೂ ಅಲ್ಲೊಂದು ಇಲ್ಲೊಂದು ಮಚ್ಚೆ ಉಳಿದರೆ ಅದರ ಮೇಲೆ ಒಂದು ಎಲೆಯನ್ನೋ ಹೂವನ್ನೋ ಕತ್ತರಿಸಿ ಹೊಲಿದುಬಿಡಿ. ಒಂದೇ ಕಡೆ ಹೊಲಿದರೆ ತೇಪೆ ಎಂದು ಗೊತ್ತಾಗುತ್ತದೆ, ಹಾಗಾಗಿ ಕಲೆ ಇಲ್ಲದ ಕಡೆಯೂ ನಾಲ್ಕೈದು ಹೊಲಿಯಿರಿ. ಹಾಗೆ ಹೊಲಿಯುವ ಎಲೆಯ ಬಟ್ಟೆಯನ್ನೂ ಮೊದಲು ಬಿಸಿ ನೀರಿಗೆ ಹಾಕಿ ನೋಡಲು ಮರೆಯಬೇಡಿ.